ರಂಗತಂತ್ರ ಮತ್ತು ರಂಗಸಜ್ಜಿಕೆ ನಿರ್ಮಾಣ: ಹವ್ಯಾಸಿ ಕಲಾವಿದರಿಗೆ ಹಾಗೂ ಅರ್ಜಿದಾರರಿಗೆ ಪ್ರಾಥಮಿಕ ಮಾಹಿತಿ

ಪೀಠಿಕೆ

ಬೆಂಗಳೂರು ಉತ್ತರ ಭಾಗದ ಕೊಡಿಗೇಹಳ್ಳಿ, ಹೆಬ್ಬಾಳ, ಯಲಹಂಕ, ಯಶವಂತಪುರ ಮತ್ತು ಸುತ್ತಲಿನ ಪ್ರದೇಶಗಳು ನಗರದ ಬಡಾವಣೆಗಳಾಗುವ ಮೊದಲು ಹಳ್ಳಿಗಳಾಗಿದ್ದವು. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಊರಹಬ್ಬ, ಜಾತ್ರೆಗಳ ಸಂದರ್ಭದಲ್ಲಿ ಊರಿನವರೇ ಬಣ್ಣ ಹಚ್ಚಿ 'ಕುರುಕ್ಷೇತ್ರ'ದಂತಹ ಪೌರಾಣಿಕ ನಾಟಕಗಳನ್ನು ಆಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹಾರ್ಮೋನಿಯಂ ಮಾಸ್ತರರು ತಿಂಗಳುಗಟ್ಟಲೆ ಮಾತು ಹಾಗೂ ಹಾಡುಗಳನ್ನು ಕಲಿಸುವರು. ಸೀನರಿ, ಪರದೆ, ವೇಷಭೂಷಣ ಮತ್ತು ದೀಪಗಳು ಬಾಡಿಗೆಗೆ ಬರುವವು. ಇಂದು ಇದರ ಜೊತೆಗೆ ಶಾಲಾ ವಾರ್ಷಿಕೋತ್ಸವ, ಕನ್ನಡ ರಾಜ್ಯೋತ್ಸವ ಹಾಗೂ ನಿವಾಸಿಗಳ ಸಂಘಗಳ ಕಾರ್ಯಕ್ರಮಗಳಲ್ಲಿಯೂ ನಾಟಕಗಳು ನಡೆಯುತ್ತಿವೆ.

ಈ ಎಲ್ಲ ಪ್ರಯೋಗಗಳಲ್ಲಿ ನಟನೆಗೆ ದೊರೆಯುವ ಗಮನ ನೇಪಥ್ಯದ ಕೆಲಸಕ್ಕೆ ದೊರೆಯುವುದು ಅಪರೂಪ. ರಂಗಸಜ್ಜಿಕೆ ಚೆನ್ನಾಗಿ ಕಾಣಬೇಕೆಂಬುದು ಎಲ್ಲರ ಅಪೇಕ್ಷೆಯಾಗಿದ್ದರೂ, ಅದು ಬೀಳಬಾರದು, ಹೊತ್ತಿಕೊಳ್ಳಬಾರದು, ವಿದ್ಯುತ್ ಆಘಾತಕ್ಕೆ ಎಡೆ ಮಾಡಬಾರದು ಎಂಬುದು ಅದಕ್ಕಿಂತ ಮುಖ್ಯವಾದುದು. ಆದುದರಿಂದ ರಂಗತಂತ್ರವನ್ನು ಕಲಿಯಬಯಸುವವರು, ರಂಗಮಂದಿರವನ್ನು ಕಾಯ್ದಿರಿಸುವ ತಂಡಗಳು ಮತ್ತು ತರಬೇತಿಗೆ ಅರ್ಜಿ ಸಲ್ಲಿಸುವವರು ತಿಳಿದಿರಬೇಕಾದ ಮೂಲಭೂತ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ರಂಗತಂತ್ರ ಎಂದರೇನು?

ನಾಟಕವೊಂದನ್ನು ಪ್ರೇಕ್ಷಕರಿಗೆ ಕಾಣುವಂತೆ ಹಾಗೂ ಕೇಳುವಂತೆ ಮಾಡುವ, ನಟನೆಯನ್ನು ಹೊರತುಪಡಿಸಿದ ಎಲ್ಲ ಕೆಲಸಗಳನ್ನೂ ಒಟ್ಟಾಗಿ ರಂಗತಂತ್ರ ಎನ್ನಬಹುದು. ರಂಗಸಜ್ಜಿಕೆ, ಬೆಳಕು, ಧ್ವನಿ, ರಂಗಪರಿಕರ, ವಸ್ತ್ರವಿನ್ಯಾಸ, ಪ್ರಸಾಧನ ಮತ್ತು ರಂಗನಿರ್ವಹಣೆ ಇದರ ಅಂಗಗಳಾಗಿವೆ. ರಂಗದ ಮೇಲೆ ನಿಲ್ಲಿಸುವ ಗೋಡೆ, ಬಾಗಿಲು, ಮೆಟ್ಟಿಲು, ಕಟ್ಟೆ ಮೊದಲಾದವು ರಂಗಸಜ್ಜಿಕೆ ಎನಿಸಿಕೊಳ್ಳುತ್ತವೆ. ನಟರು ಕೈಯಲ್ಲಿ ಹಿಡಿಯುವ ಅಥವಾ ಬಳಸುವ ಗದೆ, ಪತ್ರ, ಚೊಂಬು ಮುಂತಾದವು ರಂಗಪರಿಕರಗಳಾಗಿವೆ.

ಕನ್ನಡ ರಂಗಭೂಮಿಯಲ್ಲಿ ಈ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. 1884ರಲ್ಲಿ ಪ್ರಾರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದ್ದೂರಿ ರಂಗಸಜ್ಜಿಕೆಗೆ ಹೆಸರಾಗಿತ್ತು; ಆ ಕಂಪನಿಯ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬರುತ್ತಿದ್ದವು. ಅರಮನೆ, ಕಾಡು, ಬೀದಿ ಮುಂತಾದ ದೃಶ್ಯಗಳನ್ನು ಬರೆದ ಪರದೆಗಳು ಕಂಪನಿ ನಾಟಕಗಳ ಜೀವಾಳವಾಗಿದ್ದವು. 'ಅಂಕದ ಪರದೆ' ಎಂಬ ಮಾತು ಇಂದಿಗೂ ಜನರ ನುಡಿಯಲ್ಲಿ ಉಳಿದಿರುವುದು ಆ ಪರಂಪರೆಯ ಪ್ರಭಾವವನ್ನು ತೋರಿಸುತ್ತದೆ.

ಇದಕ್ಕೆ ಭಿನ್ನವಾದ ಮಾರ್ಗವನ್ನೂ ಬೆಂಗಳೂರು ಕಂಡಿದೆ. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಆವರಣದ ಬಯಲಿನಲ್ಲಿ 'ಈಡಿಪಸ್', 'ಸಂಕ್ರಾಂತಿ' ಮತ್ತು 'ಜೋಕುಮಾರಸ್ವಾಮಿ' ನಾಟಕಗಳನ್ನು ಪ್ರಯೋಗಿಸಿದರು. ಬರೆದ ಪರದೆಗಳಿಲ್ಲದೆ, ಬಯಲನ್ನೇ ರಂಗವಾಗಿಸಿಕೊಂಡು ನಾಟಕ ಕಟ್ಟಬಹುದೆಂಬುದು ಇದರಿಂದ ಮನದಟ್ಟಾಯಿತು. ಮೈಸೂರಿನವರಾದ ಎಂ.ಎಸ್. ಸತ್ಯು ಅವರು ಚಲನಚಿತ್ರ ನಿರ್ದೇಶಕರಾಗಿ ಪ್ರಸಿದ್ಧರಾಗಿದ್ದರೂ ರಂಗವಿನ್ಯಾಸದಲ್ಲಿಯೂ ಅಷ್ಟೇ ದುಡಿದವರು. ದೊಡ್ಡ ಸಜ್ಜಿಕೆಯೇ ಉತ್ತಮ ಸಜ್ಜಿಕೆ ಎಂದು ಭಾವಿಸಬೇಕಾಗಿಲ್ಲ. ನಾಟಕಕ್ಕೆ ಎಷ್ಟು ಬೇಕೋ ಅಷ್ಟನ್ನು ಗಟ್ಟಿಯಾಗಿ ನಿರ್ಮಿಸುವುದೇ ಈ ವಿದ್ಯೆಯ ಮೊದಲ ಪಾಠವಾಗಿರುತ್ತದೆ.

2. ರಂಗದ ಭಾಗಗಳು

ಹೆಚ್ಚಿನ ಸಭಾಂಗಣಗಳು ಚೌಕಟ್ಟಿನ ರಂಗವನ್ನು ಹೊಂದಿರುತ್ತವೆ. ಇದರಲ್ಲಿ ಪ್ರೇಕ್ಷಕರು ಒಂದೇ ದಿಕ್ಕಿನಿಂದ ನಾಟಕವನ್ನು ನೋಡುವರು. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಂತಹ ಕೆಲವು ಕಡೆ ರಂಗವು ಪ್ರೇಕ್ಷಕರ ನಡುವೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬಯಲು ರಂಗದಲ್ಲಿ ಮೂರು ಅಥವಾ ನಾಲ್ಕು ಕಡೆಗಳಿಂದಲೂ ನೋಡುವವರಿರಬಹುದು. ಯಾವ ರಂಗವೆಂಬುದು ತಿಳಿಯುವ ಮುನ್ನ ಸಜ್ಜಿಕೆಯನ್ನು ಯೋಜಿಸುವುದು ಸರಿಯಲ್ಲ.

ಕಲಿಯುವವರು ಈ ಕೆಳಕಂಡ ಪದಗಳನ್ನು ತಿಳಿದಿರತಕ್ಕದ್ದು:

ಅ) ಎಡ ಮತ್ತು ಬಲ: ರಂಗದ ಎಡ, ಬಲಗಳನ್ನು ಪ್ರೇಕ್ಷಕರಿಗೆ ಅಭಿಮುಖವಾಗಿ ನಿಂತ ನಟರ ಎಡ, ಬಲಗಳೆಂದೇ ಪರಿಗಣಿಸಲಾಗುತ್ತದೆ.

ಆ) ಮುಂಭಾಗ ಮತ್ತು ಹಿಂಭಾಗ: ಪ್ರೇಕ್ಷಕರಿಗೆ ಹತ್ತಿರವಿರುವುದು ಮುಂಭಾಗ, ದೂರವಿರುವುದು ಹಿಂಭಾಗ. ಹಿಂದೆ ಯುರೋಪಿನ ರಂಗಗಳು ಹಿಂಬದಿಗೆ ಏರುತ್ತಾ ಹೋಗುತ್ತಿದ್ದುದರಿಂದ ಇಂಗ್ಲಿಷ್ ರಂಗಪರಿಭಾಷೆಯಲ್ಲಿ ಇವುಗಳನ್ನು ಕ್ರಮವಾಗಿ ಕೆಳಗು, ಮೇಲು ಎಂದು ಕರೆಯುವ ರೂಢಿ ಬಂದಿದೆ.

ಇ) ವಿಂಗ್ಸ್: ರಂಗದ ಎರಡು ಪಕ್ಕಗಳಲ್ಲಿ ನಟರ ಪ್ರವೇಶ ಮತ್ತು ನಿರ್ಗಮನಕ್ಕಾಗಿ ಇರುವ, ಪಾರ್ಶ್ವಪರದೆಗಳಿಂದ ಮರೆಯಾದ ಸ್ಥಳ.

ಈ) ಸೈಕ್ಲೋರಾಮಾ: ರಂಗದ ಹಿಂಬದಿಗೆ ಬಿಗಿಯಾಗಿ ಕಟ್ಟಿದ ಬಿಳಿಯ ಅಥವಾ ತಿಳಿಬಣ್ಣದ ಪರದೆ. ಇದರ ಮೇಲೆ ಬೆಳಕು ಹರಿಸಿ ಆಕಾಶ, ಮುಂಜಾವು, ಸಂಜೆ ಮೊದಲಾದವನ್ನು ತೋರಿಸಲಾಗುತ್ತದೆ.

ಉ) ನೇಪಥ್ಯ: ಪ್ರೇಕ್ಷಕರಿಗೆ ಕಾಣದಂತೆ ಕೆಲಸ ನಡೆಯುವ ಎಲ್ಲ ಸ್ಥಳಗಳು.

3. ಅಳತೆ ಮತ್ತು ಯೋಜನೆ

ನಿರ್ಮಾಣಕ್ಕೆ ಮೊದಲು ನಾಟಕದ ಹಸ್ತಪ್ರತಿಯನ್ನು ಎರಡು ಬಾರಿಯಾದರೂ ಓದಿ, ಯಾವ ದೃಶ್ಯದಲ್ಲಿ ಏನು ಅಗತ್ಯ ಎಂಬುದರ ಪಟ್ಟಿಯನ್ನು ಸಿದ್ಧಪಡಿಸಬೇಕು. ಬಾಗಿಲಿನಿಂದ ಯಾರಾದರೂ ಒಳಬರುವರೇ? ಕಟ್ಟೆಯ ಮೇಲೆ ಎಷ್ಟು ಜನ ನಿಲ್ಲುವರು? ದೃಶ್ಯ ಬದಲಾಗಲು ಎಷ್ಟು ಸಮಯವಿದೆ? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳೇ ಸಜ್ಜಿಕೆಯ ಆಧಾರವಾಗುತ್ತವೆ.

ಅನಂತರ ರಂಗಮಂದಿರಕ್ಕೆ ಖುದ್ದಾಗಿ ಭೇಟಿ ನೀಡಿ ರಂಗದ ಅಗಲ, ಆಳ, ಎತ್ತರ, ವಿಂಗ್ಸ್‌ನ ಅಗಲ, ವಿದ್ಯುತ್ ಸಂಪರ್ಕದ ಸ್ಥಾನ ಹಾಗೂ ಸಾಮಗ್ರಿ ಒಳಸಾಗಿಸುವ ಬಾಗಿಲಿನ ಅಳತೆಯನ್ನು ಗುರುತಿಸಿಕೊಳ್ಳಬೇಕು. ಬಾಗಿಲಿಗಿಂತ ದೊಡ್ಡದಾದ ಸಜ್ಜಿಕೆಯನ್ನು ನಿರ್ಮಿಸಿ, ಪ್ರಯೋಗದ ದಿನ ಹೊರಗೇ ಉಳಿಸಬೇಕಾಗಿ ಬರುವುದು ಹೊಸ ತಂಡಗಳಲ್ಲಿ ಕಂಡುಬರುವ ತೊಂದರೆಯಾಗಿದೆ. ಸಾಗಾಟದ ವಾಹನದ ಅಳತೆಯನ್ನೂ ಇದೇ ಹಂತದಲ್ಲಿ ನೋಡಿಕೊಳ್ಳುವುದು ಒಳಿತು.

ಅಳತೆಗಳನ್ನು ಪ್ರಮಾಣಬದ್ಧ ನಕ್ಷೆಗೆ ಇಳಿಸಬೇಕು. ಒಂದು ಅಡಿಗೆ ಅರ್ಧ ಅಂಗುಲದ ಪ್ರಮಾಣವು ಅನುಕೂಲಕರ. ಈ ಪ್ರಮಾಣದಲ್ಲಿ 30 ಅಡಿ ಅಗಲ, 20 ಅಡಿ ಆಳದ ರಂಗವು ಕಾಗದದ ಮೇಲೆ 15 ಅಂಗುಲ ಹಾಗೂ 10 ಅಂಗುಲವಾಗುತ್ತದೆ. ಅದೇ ಪ್ರಮಾಣದಲ್ಲಿ ರಟ್ಟಿನ ಮಾದರಿಯನ್ನು ತಯಾರಿಸಿದಲ್ಲಿ ನಿರ್ದೇಶಕರಿಗೂ ನಟರಿಗೂ ಓಡಾಟದ ಜಾಗ ಸ್ಪಷ್ಟವಾಗುತ್ತದೆ. ಮರ ಕೊಯ್ದ ಮೇಲೆ ಮಾಡುವ ಬದಲಾವಣೆಗಿಂತ ರಟ್ಟಿನಲ್ಲಿ ಮಾಡುವ ಬದಲಾವಣೆಯ ವೆಚ್ಚ ಅತ್ಯಲ್ಪ.

ಕೊನೆಯದಾಗಿ ದೃಷ್ಟಿರೇಖೆಯನ್ನು ಪರೀಕ್ಷಿಸಬೇಕು. ಮೊದಲ ಸಾಲಿನ ಎರಡು ತುದಿಯ ಆಸನಗಳಲ್ಲಿ ಮತ್ತು ಕೊನೆಯ ಸಾಲಿನಲ್ಲಿ ಕುಳಿತು, ಮುಖ್ಯ ಅಭಿನಯದ ಸ್ಥಳ ಕಾಣುವುದೇ, ವಿಂಗ್ಸ್‌ನ ಒಳಗಿರುವವರು ಕಾಣದೆ ಇರುವರೇ ಎಂಬುದನ್ನು ನೋಡತಕ್ಕದ್ದು.

4. ಫ್ಲ್ಯಾಟ್ ನಿರ್ಮಾಣ

ರಂಗದ ಮೇಲಿನ ಗೋಡೆಯು ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಹಗುರವಾದ ಹಲಗೆಯಾಗಿರುತ್ತದೆ. ಇದನ್ನು ಫ್ಲ್ಯಾಟ್ ಎನ್ನುವರು. 8 ಅಡಿ ಎತ್ತರ, 4 ಅಡಿ ಅಗಲದ ಒಂದು ಫ್ಲ್ಯಾಟ್‌ಗೆ ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲದ ಮರದ ಪಟ್ಟಿಗಳು ಈ ಕೆಳಕಂಡಂತೆ ಬೇಕಾಗುತ್ತವೆ:

ಅ) ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳು: 4 ಅಡಿಯ 2 ತುಂಡುಗಳು.
ಆ) ಲಂಬಪಟ್ಟಿಗಳು: 7 ಅಡಿ 6 ಅಂಗುಲದ 2 ತುಂಡುಗಳು.
ಇ) ನಡುವಿನ ಅಡ್ಡಪಟ್ಟಿ: 3 ಅಡಿ 6 ಅಂಗುಲದ 1 ತುಂಡು.
ಈ) ಮೂಲೆಗಳಿಗೆ ಓರೆಪಟ್ಟಿಗಳು: ಸುಮಾರು 2 ಅಡಿ 6 ಅಂಗುಲದ 2 ತುಂಡುಗಳು.

ಒಟ್ಟು ಸುಮಾರು 32 ಅಡಿ ಪಟ್ಟಿ ಸಾಕಾಗುತ್ತದೆ. ಕೆಳಗಿನ ಅಡ್ಡಪಟ್ಟಿಯು ಪೂರ್ಣ ಅಗಲಕ್ಕೆ ಹಾಯ್ದಿರಬೇಕೆಂಬುದಕ್ಕೆ ಕಾರಣವಿದೆ. ಫ್ಲ್ಯಾಟನ್ನು ನೆಲದ ಮೇಲೆ ಎಳೆಯುವಾಗ ಲಂಬಪಟ್ಟಿಯ ತುದಿ ನೆಲಕ್ಕೆ ತಾಗಿದಲ್ಲಿ ಅದು ಸೀಳುವ ಸಂಭವವಿರುತ್ತದೆ. ಅಡ್ಡಪಟ್ಟಿ ಕೆಳಗಿದ್ದಲ್ಲಿ ಅದು ಜಾರುಗಾಲಿನಂತೆ ಕೆಲಸ ಮಾಡುತ್ತದೆ. ಕೂಡುವ ಜಾಗಗಳ ಹಿಂಬದಿಗೆ 6 ಮಿ.ಮೀ. ಪ್ಲೈವುಡ್ ತುಂಡುಗಳನ್ನು ಮರದ ಅಂಟು ಮತ್ತು ತಿರುಪುಮೊಳೆಗಳಿಂದ ಬಿಗಿಯಬೇಕು.

ಚೌಕಟ್ಟು ಸರಿಯಾದ ಮೂಲೆಮಟ್ಟಕ್ಕೆ ಇರುವುದೇ ಎಂಬುದನ್ನು ಅಂಟು ಒಣಗುವ ಮೊದಲೇ ಪರೀಕ್ಷಿಸಬೇಕು. ಎರಡು ಕರ್ಣಗಳನ್ನು ಟೇಪಿನಿಂದ ಅಳೆದಾಗ ಅವು ಸಮನಾಗಿರಬೇಕು. 8 ಅಡಿ ಮತ್ತು 4 ಅಡಿಯ ಚೌಕಟ್ಟಿನಲ್ಲಿ ಪ್ರತಿಯೊಂದು ಕರ್ಣವೂ 8 ಅಡಿ 11 ಅಂಗುಲಕ್ಕಿಂತ ತುಸು ಹೆಚ್ಚಾಗಿರುತ್ತದೆ. ದೊಡ್ಡ ಅಳತೆಗಳಿಗೆ 3, 4, 5ರ ನಿಯಮವನ್ನು ಬಳಸಬಹುದು: ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತಿಸಿದಾಗ ಆ ಗುರುತುಗಳ ನಡುವಿನ ಅಂತರ ಸರಿಯಾಗಿ 5 ಅಡಿ ಇರತಕ್ಕದ್ದು. ಮನೆಯ ಪಾಯ ಗುರುತಿಸುವ ಗಾರೆಯವರೂ ಇದೇ ನಿಯಮವನ್ನು ಅನುಸರಿಸುವರು.

ಚೌಕಟ್ಟಿಗೆ ಕೋರಾ ಬಟ್ಟೆಯನ್ನು ಅತಿಯಾಗಿ ಬಿಗಿಯದಂತೆ ಹೊದಿಸಿ ಮೊಳೆ ಹೊಡೆಯಬೇಕು. ಅನಂತರ ನೀರು ಬೆರೆಸಿದ ಅಂಟು ಮತ್ತು ಸೀಮೆಸುಣ್ಣದ ಪುಡಿಯ ಲೇಪ ನೀಡಿದಾಗ ಬಟ್ಟೆ ಕುಗ್ಗಿ ತಮಟೆಯಂತೆ ಬಿಗಿಯಾಗುತ್ತದೆ. ಮೊದಲೇ ಪೂರ್ತಿ ಬಿಗಿದಲ್ಲಿ ಕುಗ್ಗುವ ಬಟ್ಟೆ ಚೌಕಟ್ಟನ್ನೇ ಬಾಗಿಸಬಹುದು.

5. ನಿಲ್ಲಿಸುವ ವಿಧಾನ

ಒಂಟಿ ಫ್ಲ್ಯಾಟ್ ತಾನಾಗಿಯೇ ನಿಲ್ಲಲಾರದು. ಅದರ ಹಿಂಬದಿಗೆ ತ್ರಿಕೋನಾಕಾರದ ಊರೆಯನ್ನು ಬಿಗಿದು, ಊರೆಯ ಬುಡದ ಮೇಲೆ ಮರಳು ಚೀಲವನ್ನು ಇರಿಸಬೇಕು. ಎರಡು ಅಥವಾ ಮೂರು ಫ್ಲ್ಯಾಟ್‌ಗಳನ್ನು ಕೀಲುಗಳಿಂದ ಕೋನವಾಗಿ ಜೋಡಿಸಿದಲ್ಲಿ ಸ್ಥಿರತೆ ಹೆಚ್ಚುತ್ತದೆಯಾದರೂ ಊರೆಯನ್ನು ಕೈಬಿಡಬಾರದು. ಬಾಗಿಲಿರುವ ಫ್ಲ್ಯಾಟ್‌ಗೆ ಎರಡೂ ಪಕ್ಕ ಊರೆ ಅಗತ್ಯ. ಬಾಗಿಲು ಹಾಕಿದಾಗಲೆಲ್ಲ ಗೋಡೆಯೇ ಅಲುಗಾಡಿದರೆ ಪ್ರೇಕ್ಷಕರ ಗಮನ ನಾಟಕದಿಂದ ಜಾರುವುದು ಸಹಜ.

ಸಜ್ಜಿಕೆಯನ್ನು ಪರೀಕ್ಷಿಸಲು ಸರಳ ವಿಧಾನವೊಂದಿದೆ. ವಯಸ್ಕರೊಬ್ಬರು ಫ್ಲ್ಯಾಟನ್ನು ಭುಜದ ಎತ್ತರದಲ್ಲಿ ಅಂಗೈಯಿಂದ ನಾಲ್ಕು ದಿಕ್ಕುಗಳಿಂದಲೂ ತಳ್ಳಿ ನೋಡತಕ್ಕದ್ದು. ಅದು ಓಲಾಡಿದಲ್ಲಿ ಊರೆಗಳನ್ನು ಹೆಚ್ಚಿಸಿ ಮತ್ತೊಮ್ಮೆ ಪರೀಕ್ಷಿಸುವವರೆಗೆ ನಟರನ್ನು, ವಿಶೇಷವಾಗಿ ಮಕ್ಕಳನ್ನು, ರಂಗಕ್ಕೆ ಬಿಡಬಾರದು.

6. ಎತ್ತರದ ಕಟ್ಟೆ ಮತ್ತು ಮೆಟ್ಟಿಲು

ಸಿಂಹಾಸನ, ಜಗಲಿ, ಬೆಟ್ಟ ಮುಂತಾದವುಗಳಿಗೆ ಬಳಸುವ ಎತ್ತರದ ಕಟ್ಟೆಗಳನ್ನು ರಂಗಭೂಮಿಯಲ್ಲಿ ಲೆವೆಲ್ ಎಂದು ಕರೆಯುವ ರೂಢಿಯಿದೆ. 8 ಅಡಿ ಉದ್ದ, 4 ಅಡಿ ಅಗಲದ ಲೆವೆಲ್‌ಗೆ 18 ಅಥವಾ 19 ಮಿ.ಮೀ. ಪ್ಲೈವುಡ್ ಹಾಸಬೇಕು, ಅದರ ಅಡಿಯಲ್ಲಿ 2 ಅಡಿಗೊಂದರಂತೆ ಅಡ್ಡತೊಲೆಗಳಿರಬೇಕು. ಕಾಲುಗಳ ನಡುವೆ ಓರೆಪಟ್ಟಿಗಳನ್ನು ಬಿಗಿಯದಿದ್ದಲ್ಲಿ ಕಟ್ಟೆ ಪಕ್ಕಕ್ಕೆ ಮಡಚಿಕೊಳ್ಳುವ ಅಪಾಯವಿರುತ್ತದೆ. ತಲಾ 60 ಕಿಲೋ ತೂಕದ ಆರು ಜನ ಅದರ ಮೇಲೆ ನಿಂತರೆ ಭಾರ 360 ಕಿಲೋ ಆಗುತ್ತದೆ. ಅವರು ಕುಣಿದಾಗ ಅಥವಾ ಗದಾಯುದ್ಧ ಮಾಡಿದಾಗ ಕಟ್ಟೆಯ ಮೇಲೆ ಬೀಳುವ ಒತ್ತಡವು ನಿಂತ ಭಾರಕ್ಕಿಂತ ಬಹಳ ಹೆಚ್ಚಾಗಿರುತ್ತದೆ.

ಮೆಟ್ಟಿಲುಗಳ ಎತ್ತರ 6ರಿಂದ 7 ಅಂಗುಲ, ಪಾದವಿಡುವ ಜಾಗದ ಅಗಲ 10ರಿಂದ 11 ಅಂಗುಲ ಇರುವುದು ಸೂಕ್ತ. 2 ಅಡಿ ಎತ್ತರದ ಕಟ್ಟೆಗೆ 6 ಅಂಗುಲದಂತೆ ನಾಲ್ಕು ಏರುಗಳು ಬೇಕು. ನಾಲ್ಕನೆಯದು ಕಟ್ಟೆಯೇ ಆಗುವುದರಿಂದ ಮೂರು ಮೆಟ್ಟಿಲುಗಳನ್ನು ನಿರ್ಮಿಸಿದರೆ ಸಾಕು. ಎಲ್ಲ ಮೆಟ್ಟಿಲುಗಳ ಎತ್ತರವೂ ಒಂದೇ ಸಮನಾಗಿರಬೇಕು. ರಾಜವೇಷದ ಭಾರವಾದ ಉಡುಪಿನಲ್ಲಿ, ಕತ್ತಲೆಯಲ್ಲಿ ಇಳಿಯುವ ನಟರ ಕಾಲು ಅಭ್ಯಾಸದ ಎತ್ತರವನ್ನೇ ನಂಬಿರುತ್ತದೆ. ಕಟ್ಟೆಯ ಅಂಚುಗಳಿಗೆ ಬಿಳಿ ಟೇಪು ಹಚ್ಚಬೇಕು ಮತ್ತು ನೇಪಥ್ಯದ ಕಡೆಯ ಮೆಟ್ಟಿಲಿಗೆ ಹಿಡಿಕಂಬಿ ಇರಬೇಕು.

7. ಬಣ್ಣ

ರಂಗಸಜ್ಜಿಕೆಗೆ ಹೊಳಪಿಲ್ಲದ, ನೀರಿನಲ್ಲಿ ಕಲಸುವ ಡಿಸ್ಟೆಂಪರ್ ಬಣ್ಣ ಯೋಗ್ಯವಾದುದು. ಎನಾಮಲ್ ಬಣ್ಣವು ದೀಪದ ಬೆಳಕನ್ನು ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಜೊತೆಗೆ ಅದು ಬೇಗ ಹೊತ್ತಿಕೊಳ್ಳುವ ಪದಾರ್ಥವಾಗಿದೆ. ಒಂದೇ ಬಣ್ಣವನ್ನು ಸಮನಾಗಿ ಬಳಿದ ಗೋಡೆ ರಂಗದ ಬೆಳಕಿನಲ್ಲಿ ಜೀವವಿಲ್ಲದಂತೆ ಕಾಣುವುದರಿಂದ, ಮೂಲಬಣ್ಣದ ಮೇಲೆ ಅದಕ್ಕಿಂತ ತುಸು ಗಾಢವಾದ ಮತ್ತು ತುಸು ತಿಳಿಯಾದ ಬಣ್ಣಗಳನ್ನು ಕುಂಚದಿಂದ ಚಿಮುಕಿಸುವುದು ರೂಢಿ. ಹತ್ತಿರದಿಂದ ಒರಟಾಗಿ ಕಾಣುವ ಇಂತಹ ಗೋಡೆ ದೂರದಿಂದ ನಿಜವಾದ ಗಾರೆಯಂತೆ ತೋರುತ್ತದೆ. ಆದ್ದರಿಂದ ಬಣ್ಣವನ್ನು ಸಭಾಂಗಣದ ನಡುವಿನ ಸಾಲಿನಿಂದ, ನಾಟಕದ ಬೆಳಕಿನಲ್ಲಿಯೇ ನೋಡಿ ಒಪ್ಪಬೇಕು.

8. ಬೆಳಕು ಮತ್ತು ವಿದ್ಯುತ್

ನಟರ ಮುಖ ಕಾಣುವಂತೆ ಮಾಡುವುದು ರಂಗಬೆಳಕಿನ ಮೊದಲ ಕರ್ತವ್ಯ. ಮುಂಭಾಗದಿಂದ, ಎಡ ಮತ್ತು ಬಲಗಳಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಎರಡು ದೀಪಗಳು ಬಿದ್ದಾಗ ಮುಖದ ಉಬ್ಬುತಗ್ಗುಗಳು ಸ್ಪಷ್ಟವಾಗುತ್ತವೆ. ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ಅವರು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಈ ಕ್ರಮವನ್ನು ಇಂದಿಗೂ ಆರಂಭಿಕರಿಗೆ ಬೋಧಿಸಲಾಗುತ್ತದೆ. ಹಿಂಬದಿಯಿಂದ ಬರುವ ಬೆಳಕು ನಟರನ್ನು ಸಜ್ಜಿಕೆಯಿಂದ ಬೇರ್ಪಡಿಸಿ ತೋರಿಸುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ಪ್ರತಿಯೊಂದು ತಂಡವೂ ಮುಂಚಿತವಾಗಿ ಮಾಡಿಕೊಳ್ಳತಕ್ಕದ್ದು. ದೀಪದ ವ್ಯಾಟ್ ಸಂಖ್ಯೆಯನ್ನು 230 ವೋಲ್ಟ್‌ನಿಂದ ಭಾಗಿಸಿದಾಗ ಅದು ಎಳೆಯುವ ಆಂಪಿಯರ್ ತಿಳಿಯುತ್ತದೆ. 1000 ವ್ಯಾಟ್‌ನ ಒಂದು ದೀಪ ಸುಮಾರು 4.35 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್‌ನ ಒಂದು ಸಂಪರ್ಕಕ್ಕೆ ಇಂತಹ ಮೂರು ದೀಪಗಳನ್ನು ಜೋಡಿಸಿದಾಗ ಸುಮಾರು 13 ಆಂಪಿಯರ್ ಆಗುತ್ತದೆ. ನಾಲ್ಕನೆಯದನ್ನು ಸೇರಿಸಿದರೆ 17 ಆಂಪಿಯರ್ ಮೀರುತ್ತದೆ, ತಂತಿ ಬಿಸಿಯಾಗತೊಡಗುತ್ತದೆ. ಫ್ಯೂಸ್ ಹೋದಾಗ ದಪ್ಪ ತಂತಿ ಕಟ್ಟಿ ಮುಂದುವರಿಯುವುದು ಬೆಂಕಿಗೆ ಆಹ್ವಾನ ನೀಡಿದಂತೆ. ಎಲ್‌ಇಡಿ ದೀಪಗಳು ಕಡಿಮೆ ವಿದ್ಯುತ್ ಬಳಸುವುದರಿಂದ ಮತ್ತು ಕಡಿಮೆ ಬಿಸಿಯಾಗುವುದರಿಂದ ಚಿಕ್ಕ ಸಭಾಂಗಣಗಳಿಗೆ ಹೆಚ್ಚು ಸುರಕ್ಷಿತವಾಗಿವೆ. ಎತ್ತರದಲ್ಲಿ ಕಟ್ಟುವ ಪ್ರತಿಯೊಂದು ದೀಪಕ್ಕೂ ಕ್ಲಾಂಪಿನ ಜೊತೆಗೆ ಉಕ್ಕಿನ ಸುರಕ್ಷತಾ ಸರಪಳಿ ಇರಲೇಬೇಕು. ವಿದ್ಯುತ್ ಜೋಡಣೆಯನ್ನು ಪರವಾನಗಿ ಹೊಂದಿದವರಿಂದಲೇ ಮಾಡಿಸತಕ್ಕದ್ದು.

9. ಅಗ್ನಿ ಸುರಕ್ಷತೆ

ಬಟ್ಟೆ, ಮರ, ಬಣ್ಣ, ಬಿಸಿ ದೀಪ ಮತ್ತು ಜನಸಂದಣಿ ಒಂದೇ ಕಡೆ ಸೇರುವುದರಿಂದ ರಂಗಸ್ಥಳದಲ್ಲಿ ಬೆಂಕಿಯ ಅಪಾಯ ಹೆಚ್ಚು. 1903ರ ಡಿಸೆಂಬರ್ 30ರಂದು ಅಮೆರಿಕದ ಶಿಕಾಗೋ ನಗರದ ಇರೊಕ್ವಾಯ್ ನಾಟಕಮಂದಿರದಲ್ಲಿ ರಂಗದ ದೀಪದಿಂದ ಪರದೆಗೆ ತಗುಲಿದ ಬೆಂಕಿಯಲ್ಲಿ 600ಕ್ಕೂ ಹೆಚ್ಚು ಜನ ಮೃತಪಟ್ಟರು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಅಸುನೀಗಿದರು; ಅವರಲ್ಲಿ ಬಹುಪಾಲು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಸೆಟ್ಟಿಗೆ ಬೆಂಕಿ ಹತ್ತಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಡಿಲವಾದ ವಿದ್ಯುತ್ ತಂತಿಗಳು, ಗಾಳಿಯಾಡಲು ಅವಕಾಶವಿಲ್ಲದಿರುವುದು ಮತ್ತು ಬೆಂಕಿ ನಂದಿಸುವ ಸಾಧನಗಳ ಕೊರತೆ ಈ ದುರಂತಕ್ಕೆ ಸಂಬಂಧಿಸಿದಂತೆ ಪ್ರಸ್ತಾಪಗೊಂಡ ಕಾರಣಗಳಾಗಿದ್ದವು. ಇವು ಅಪರೂಪದ ಕಾರಣಗಳಲ್ಲ. ಯಾವುದೇ ಬೀದಿಯ ಪೆಂಡಾಲಿನಲ್ಲಿ, ಯಾವುದೇ ಶಾಲೆಯ ವೇದಿಕೆಯಲ್ಲಿ ಇರಬಹುದಾದಂತಹವು.

ಆದುದರಿಂದ ಈ ಕೆಳಕಂಡ ಅಂಶಗಳನ್ನು ಕಡ್ಡಾಯವೆಂದು ಪರಿಗಣಿಸತಕ್ಕದ್ದು:

1) ಪರದೆ ಹಾಗೂ ದೀಪಗಳ ನಡುವೆ ಸಾಕಷ್ಟು ಅಂತರವಿರಬೇಕು. ದೀಪ ಒಂದು ಗಂಟೆ ಉರಿದ ಮೇಲೆ ಪರದೆಯನ್ನು ಮುಟ್ಟಿ ನೋಡಿದಾಗ ಬಿಸಿ ಎನಿಸಬಾರದು.

2) ಥರ್ಮೋಕೋಲ್ ಮತ್ತು ಕೃತಕ ನೂಲಿನ ಬಟ್ಟೆ ಕರಗಿ ಉರಿಯುವುದರಿಂದಲೂ ವಿಷಕಾರಿ ಹೊಗೆ ಉಗುಳುವುದರಿಂದಲೂ ಅವುಗಳ ಬಳಕೆಯನ್ನು ತಪ್ಪಿಸಬೇಕು.

3) ಹತ್ತಿಬಟ್ಟೆಯನ್ನು 7 ಪಾಲು ಬಿಳಿಗಾರ, 3 ಪಾಲು ಬೋರಿಕ್ ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ಅದ್ದಿ ಒಣಗಿಸಿದಲ್ಲಿ ಬೆಂಕಿ ಹರಡುವ ವೇಗ ಕಡಿಮೆಯಾಗುತ್ತದೆ. ಇದು ಬೆಂಕಿಯನ್ನು ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಮಾತ್ರ. ಒಗೆದರೆ ಅಥವಾ ಮಳೆಯಲ್ಲಿ ನೆನೆದರೆ ಇದರ ಗುಣ ಹೋಗುತ್ತದೆ.

4) ನೇಪಥ್ಯದಲ್ಲಿ ಮರ ಮತ್ತು ಬಟ್ಟೆಯ ಬೆಂಕಿಗೆ ನೀರಿನ ನಂದಕ, ವಿದ್ಯುತ್ ಬೆಂಕಿಗೆ ಇಂಗಾಲದ ಡೈಆಕ್ಸೈಡ್ ನಂದಕ ಇರಬೇಕು. ವಿದ್ಯುತ್ ಬೆಂಕಿಗೆ ನೀರು ಎರಚಬಾರದು.

5) ನಿರ್ಗಮನ ದ್ವಾರಗಳಿಗೆ ಬೀಗ ಹಾಕಬಾರದು, ಅವುಗಳ ಮುಂದೆ ಕುರ್ಚಿ, ಪೆಟ್ಟಿಗೆಗಳನ್ನು ಇಡಬಾರದು.

6) ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡುವ ಜವಾಬ್ದಾರಿಯನ್ನು ಒಬ್ಬರಿಗೆ ಮೊದಲೇ ವಹಿಸಿರಬೇಕು.

ತಾತ್ಕಾಲಿಕ ಪೆಂಡಾಲುಗಳ ಅಗ್ನಿ ಸುರಕ್ಷತೆಯ ಬಗ್ಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 8758 ಸಂಖ್ಯೆಯ ಮಾನಕವಿದ್ದು, ಆಯೋಜಕರು ಪೆಂಡಾಲು ಗುತ್ತಿಗೆದಾರರೊಡನೆ ಇದನ್ನು ಚರ್ಚಿಸುವುದು ಸೂಕ್ತ.

10. ಬಯಲಿನಲ್ಲಿ ನಡೆಯುವ ನಾಟಕಗಳಿಗೆ ವಿಶೇಷ ಸೂಚನೆಗಳು

ಊರಹಬ್ಬದ ನಾಟಕಗಳಿಗೆ ಸರ್ವೆ ಮರದ ಗಳುಗಳು, ಡ್ರಮ್ಮುಗಳು ಮತ್ತು ಹಲಗೆಗಳಿಂದ ವೇದಿಕೆ ಕಟ್ಟುವುದು ವಾಡಿಕೆ. ಡ್ರಮ್ಮುಗಳು ಸಮತಟ್ಟಾದ ನೆಲದ ಮೇಲಿರಬೇಕು. ಹಲಗೆಗಳನ್ನು ಬರಿದೇ ಹಾಸದೆ ಹಗ್ಗ ಅಥವಾ ಮೊಳೆಗಳಿಂದ ಬಿಗಿಯಬೇಕು. ಬಯಲಿನಲ್ಲಿ ಕಟ್ಟಿದ ಪರದೆಗೆ ಗಾಳಿ ಬಡಿದಾಗ ಅದು ಹಾಯಿಯಂತೆ ವರ್ತಿಸಿ ಕಂಬಗಳನ್ನು ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳುಗಳ ಸಂಜೆ ಬೆಂಗಳೂರಿನಲ್ಲಿ ಗಾಳಿಮಳೆ ಸಾಮಾನ್ಯವಾದುದರಿಂದ ಪ್ರತಿ ಕಂಬಕ್ಕೂ ಹಿಂಬದಿಗೆ ಎಳೆಹಗ್ಗ ಕಟ್ಟಬೇಕು, ಹಾಗೂ ಪರದೆಯನ್ನು ಕೂಡಲೇ ಇಳಿಸಲು ಒಬ್ಬರನ್ನು ನೇಮಿಸಬೇಕು. ಮರದ ಕೊಂಬೆಗಳಿಗೆ ಅಥವಾ ವಿದ್ಯುತ್ ಕಂಬಗಳಿಗೆ ಸಜ್ಜಿಕೆಯನ್ನು ಕಟ್ಟಬಾರದು. ಬೀದಿದೀಪದ ತಂತಿಯಿಂದ ನೇರವಾಗಿ ವಿದ್ಯುತ್ ಪಡೆಯುವುದು ಕಾನೂನುಬಾಹಿರವಷ್ಟೇ ಅಲ್ಲ, ಪ್ರಾಣಾಪಾಯಕಾರಿಯೂ ಹೌದು. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಲು ಅವಕಾಶವಿದೆ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರವು ವಿನಾಯಿತಿ ನೀಡಬಹುದಾಗಿದೆ. ಬೆಳಗಿನವರೆಗೆ ನಡೆಯುತ್ತಿದ್ದ ನಾಟಕಗಳ ಅವಧಿಯನ್ನು ತಂಡಗಳು ಇದಕ್ಕನುಗುಣವಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ. ದೃಶ್ಯ ಬದಲಾವಣೆ ಶೀಘ್ರವಾಗಿ ನಡೆದಷ್ಟೂ ನಾಟಕದ ಮಾತು, ಹಾಡುಗಳಿಗೆ ಹೆಚ್ಚು ಸಮಯ ಉಳಿಯುವುದರಿಂದ ಇಲ್ಲಿಯೂ ರಂಗತಂತ್ರದ ಜ್ಞಾನ ನೆರವಿಗೆ ಬರುತ್ತದೆ.

11. ತರಬೇತಿ ನೀಡುವ ಸಂಸ್ಥೆಗಳು

ರಂಗತಂತ್ರವನ್ನು ಕ್ರಮಬದ್ಧವಾಗಿ ಕಲಿಯಲಿಚ್ಛಿಸುವವರಿಗೆ ಈ ಕೆಳಕಂಡ ಸಂಸ್ಥೆಗಳಲ್ಲಿ ಅವಕಾಶವಿರುತ್ತದೆ:

ಅ) ನೀನಾಸಂ, ಹೆಗ್ಗೋಡು, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ: 1949ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ರಂಗಶಿಕ್ಷಣ ಕೇಂದ್ರವು ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ 1980ರಲ್ಲಿ ಪ್ರಾರಂಭವಾಯಿತು. ಕನ್ನಡ ಮಾಧ್ಯಮದಲ್ಲಿ ಒಂದು ವರ್ಷದ ಡಿಪ್ಲೊಮಾ ಶಿಕ್ಷಣ ನೀಡಲಾಗುತ್ತದೆ. ಇದರ ತಿರುಗಾಟ ತಂಡವು 1985ರಿಂದ ಊರೂರುಗಳಲ್ಲಿ ನಾಟಕ ಪ್ರದರ್ಶಿಸುತ್ತಾ ಬಂದಿದೆ. ಪ್ರತಿದಿನ ಕಟ್ಟಿ, ಬಿಚ್ಚಿ, ಸಾಗಿಸಬಹುದಾದ ಸಜ್ಜಿಕೆಯ ವಿನ್ಯಾಸವನ್ನು ಅಭ್ಯಾಸ ಮಾಡುವವರಿಗೆ ಆ ಪ್ರದರ್ಶನಗಳು ಉತ್ತಮ ಪಾಠವಾಗಬಲ್ಲವು.

ಆ) ರಂಗಾಯಣ, ಮೈಸೂರು: 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ಸಂಸ್ಥೆ. ಇದರ ಭಾರತೀಯ ರಂಗಶಿಕ್ಷಣ ಕೇಂದ್ರದ ಮೂಲಕ ಡಿಪ್ಲೊಮಾ ಶಿಕ್ಷಣ ದೊರೆಯುತ್ತದೆ.

ಇ) ಸಾಣೇಹಳ್ಳಿ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ: ಶಿವಸಂಚಾರ ತಿರುಗಾಟದ ಜೊತೆಗೆ ಶಿವಕುಮಾರ ರಂಗಪ್ರಯೋಗ ಶಾಲೆಯೂ ಇಲ್ಲಿದೆ.

ಈ) ರಾಷ್ಟ್ರೀಯ ನಾಟಕ ಶಾಲೆ: 1959ರಲ್ಲಿ ನವದೆಹಲಿಯಲ್ಲಿ ಸ್ಥಾಪನೆಯಾದ ಶಾಲೆಯ ಮೂರು ವರ್ಷಗಳ ಶಿಕ್ಷಣದಲ್ಲಿ ರಂಗತಂತ್ರ ಮತ್ತು ವಿನ್ಯಾಸವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ಇದರ ಬೆಂಗಳೂರು ಕೇಂದ್ರವು ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿದೆ.

ಪ್ರವೇಶದ ದಿನಾಂಕ, ವಯೋಮಿತಿ ಮತ್ತು ಶುಲ್ಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಭ್ಯರ್ಥಿಗಳು ಆಯಾ ಸಂಸ್ಥೆಯ ಪ್ರಕಟಣೆಯನ್ನೇ ಅವಲಂಬಿಸತಕ್ಕದ್ದು.

12. ರಂಗಮಂದಿರ ಕಾಯ್ದಿರಿಸುವವರಿಗೆ ಹಾಗೂ ಅನುಮತಿ ಕೋರುವವರಿಗೆ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧೀನದಲ್ಲಿರುವ ರವೀಂದ್ರ ಕಲಾಕ್ಷೇತ್ರವು 1963ರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರ್ಯನಿರ್ವಹಿಸುತ್ತಿದೆ. ಅದರ ಹಿಂಬದಿಗೆ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ. ಸಭಾಂಗಣವನ್ನು ಕೋರುವ ಅರ್ಜಿಯೊಂದಿಗೆ ತಂಡದ ವಿವರ, ನಾಟಕದ ಹೆಸರು, ದಿನಾಂಕ ಮತ್ತು ತಾಂತ್ರಿಕ ಅಗತ್ಯಗಳ ಪಟ್ಟಿಯನ್ನು ಸಿದ್ಧವಿರಿಸಿಕೊಳ್ಳುವುದು ಒಳಿತು. ಕಾಯ್ದಿರಿಸುವ ಅವಧಿಯಲ್ಲಿ ಸಜ್ಜಿಕೆ ಕಟ್ಟುವ, ಬೆಳಕು ಹೊಂದಿಸುವ ಮತ್ತು ಬಿಚ್ಚುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಗಂಟೆಯ ನಾಟಕಕ್ಕೆ ಎರಡೇ ಗಂಟೆ ಸಾಕೆಂದು ಭಾವಿಸಿದಲ್ಲಿ, ಊರೆಗಳನ್ನು ಬಿಗಿಯಲು ಸಮಯವಿಲ್ಲದೆ ಪರದೆ ಏರಿಸಬೇಕಾದೀತು.

ಬಯಲು ನಾಟಕಕ್ಕೆ ಸ್ಥಳದ ಒಡೆತನ ಹೊಂದಿದವರ ಒಪ್ಪಿಗೆ, ಸ್ಥಳೀಯ ಪೊಲೀಸ್ ಠಾಣೆಯ ಅನುಮತಿ ಮತ್ತು ವಿದ್ಯುತ್ ಸಂಪರ್ಕದ ಮಂಜೂರಾತಿ ಅಗತ್ಯವಿರುತ್ತದೆ.

13. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಸಜ್ಜಿಕೆಯನ್ನು ಬಾಡಿಗೆಗೆ ತಂದಲ್ಲಿ ಪರೀಕ್ಷೆಯ ಅಗತ್ಯವಿದೆಯೇ?
ಉತ್ತರ: ಇದೆ. ಬಾಡಿಗೆಯ ಸಾಮಗ್ರಿ ಹಲವು ಊರುಗಳಲ್ಲಿ ಬಳಕೆಯಾಗಿರುವುದರಿಂದ ಕೀಲು, ಮೊಳೆ, ತಂತಿಗಳ ಸ್ಥಿತಿಯನ್ನು ಹೆಚ್ಚಿನ ಎಚ್ಚರಿಕೆಯಿಂದ ನೋಡತಕ್ಕದ್ದು.

ಪ್ರಶ್ನೆ: ಮರಗೆಲಸ ತಿಳಿಯದವರು ರಂಗಸಜ್ಜಿಕೆ ಕಲಿಯಬಹುದೇ?
ಉತ್ತರ: ಕಲಿಯಬಹುದು. ಸರಿಯಾಗಿ ಅಳೆಯುವುದು, ನೇರವಾಗಿ ಕೊಯ್ಯುವುದು ಮತ್ತು ತಿರುಪುಮೊಳೆ ಬಿಗಿಯುವುದು ಆರಂಭಕ್ಕೆ ಸಾಕು. ಊರಿನ ಬಡಗಿಯವರ ನೆರವು ಪಡೆದಲ್ಲಿ ಕೆಲಸ ಬೇಗ ಕೈಗೂಡುತ್ತದೆ. ಆದರೆ ಬಡಗಿಯವರು ವರ್ಷಗಟ್ಟಲೆ ಬಾಳುವ ವಸ್ತುವನ್ನು ಮಾಡುವವರಾದುದರಿಂದ, ರಂಗಕ್ಕೆ ಹಗುರವಾದ ಹಾಗೂ ಬಿಚ್ಚಿ ಜೋಡಿಸಬಹುದಾದ ವಸ್ತು ಬೇಕೆಂಬುದನ್ನು ಮೊದಲೇ ತಿಳಿಸಬೇಕು.

ಪ್ರಶ್ನೆ: ಮಕ್ಕಳನ್ನು ನೇಪಥ್ಯದ ಕೆಲಸಕ್ಕೆ ತೊಡಗಿಸಬಹುದೇ?
ಉತ್ತರ: ಬಣ್ಣ ಬಳಿಯುವುದು, ರಂಗಪರಿಕರ ತಯಾರಿಕೆ ಮತ್ತು ಪಟ್ಟಿ ಬರೆಯುವ ಕೆಲಸಗಳಿಗೆ ಹಿರಿಯರ ಮೇಲ್ವಿಚಾರಣೆಯಲ್ಲಿ ತೊಡಗಿಸಬಹುದು. ವಿದ್ಯುತ್, ಗರಗಸ ಮತ್ತು ಏಣಿಯ ಕೆಲಸಗಳಿಗೆ ತೊಡಗಿಸಬಾರದು.

ಪ್ರಶ್ನೆ: ಪ್ರಯೋಗ ನಡೆಯುವಾಗ ಅಂತಿಮ ಜವಾಬ್ದಾರಿ ಯಾರದು?
ಉತ್ತರ: ಪ್ರತಿಯೊಂದು ತಂಡವೂ ಒಬ್ಬ ರಂಗನಿರ್ವಾಹಕರನ್ನು ನೇಮಿಸಿಕೊಳ್ಳಬೇಕು. ಬೆಳಕು, ಧ್ವನಿ ಮತ್ತು ದೃಶ್ಯ ಬದಲಾವಣೆಯ ಸೂಚನೆಗಳನ್ನು ಹಸ್ತಪ್ರತಿಯಲ್ಲಿ ಗುರುತಿಸಿಕೊಂಡು, ಪ್ರಯೋಗದ ವೇಳೆ ಅವರೇ ಎಲ್ಲರಿಗೂ ಸೂಚನೆ ನೀಡುವರು. ಅಪಾಯ ಕಂಡುಬಂದಲ್ಲಿ ನಾಟಕವನ್ನು ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ನಿರ್ದೇಶಕರಾಗಲಿ, ಮುಖ್ಯ ಅತಿಥಿಗಳಾಗಲಿ ಅದನ್ನು ಮೀರುವಂತಿರಬಾರದು.

14. ಪ್ರಯೋಗದ ದಿನದ ಪರಿಶೀಲನಾ ಪಟ್ಟಿ

ಪರದೆ ಏರುವ ಒಂದು ಗಂಟೆ ಮುಂಚಿತವಾಗಿ ರಂಗನಿರ್ವಾಹಕರು ಈ ಕೆಳಕಂಡವುಗಳನ್ನು ಖುದ್ದಾಗಿ ನೋಡಿ ಗುರುತು ಹಾಕತಕ್ಕದ್ದು: ಎಲ್ಲ ಊರೆಗಳು ಮತ್ತು ಮರಳು ಚೀಲಗಳು, ಕಟ್ಟೆ, ಮೆಟ್ಟಿಲುಗಳ ಬಿಗಿತ, ಅಂಚಿನ ಬಿಳಿ ಟೇಪು, ದೀಪಗಳ ಸುರಕ್ಷತಾ ಸರಪಳಿ, ನೆಲದ ಮೇಲಿನ ತಂತಿಗಳಿಗೆ ಹಚ್ಚಿದ ಟೇಪು, ಅಗ್ನಿನಂದಕಗಳು, ತೆರೆದಿರುವ ನಿರ್ಗಮನ ದ್ವಾರಗಳು, ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

ಈ ಪಟ್ಟಿಯನ್ನು ಪೂರ್ಣಗೊಳಿಸಲು ಹದಿನೈದು ನಿಮಿಷಗಳಿಗಿಂತ ಹೆಚ್ಚು ಸಮಯ ಬೇಕಾಗುವುದಿಲ್ಲ. ಪಟ್ಟಿಯ ಯಾವುದೇ ಅಂಶ ಬಾಕಿಯಿದ್ದಲ್ಲಿ, ಪ್ರೇಕ್ಷಕರು ಬಂದು ಕುಳಿತಿದ್ದರೂ, ಅದು ಪೂರ್ಣಗೊಂಡ ನಂತರವೇ ನಾಟಕವನ್ನು ಪ್ರಾರಂಭಿಸತಕ್ಕದ್ದು. ಕೊಡಿಗೇಹಳ್ಳಿ ಹಾಗೂ ಸುತ್ತಲಿನ ಹವ್ಯಾಸಿ ತಂಡಗಳು, ಶಾಲೆಗಳು ಮತ್ತು ಸಂಘ ಸಂಸ್ಥೆಗಳು ಈ ಪಟ್ಟಿಯನ್ನು ನಕಲು ಮಾಡಿಕೊಂಡು ತಮ್ಮ ಪ್ರಯೋಗಗಳಲ್ಲಿ ಬಳಸಿಕೊಳ್ಳಬಹುದಾಗಿದೆ.